ಶಾಲೆಯ ಸಭೆಗೆ ವಿಶೇಷಣ ಬೇಡ, ಒಂದು ಹಾಳೆ ಸಾಕು

"ಬುದ್ಧಿ ಇದೆ, ಆದರೆ ಸೋಮಾರಿ." "ಪಾಠದ ಮೇಲೆ ಗಮನವೇ ಇಲ್ಲ." "ಮನೆಯಲ್ಲಿ ಸ್ವಲ್ಪ ಕೂರಿಸಿ ಓದಿಸಿ." ಕಲಿಕೆಯಲ್ಲಿ ತೊಡಕಿರುವ ಮಗುವಿನ ತಂದೆ ತಾಯಿ ಈ ಮೂರರಲ್ಲಿ ಒಂದನ್ನಾದರೂ ಕೇಳಿರುತ್ತಾರೆ. ನಾನು ಮೂರನ್ನೂ ಒಂದೇ ಸಭೆಯಲ್ಲಿ ಕೇಳಿಸಿಕೊಂಡೆ. ಮಗ ಆಗ ಮೂರನೇ ತರಗತಿಯಲ್ಲಿದ್ದ. ಸಿಟ್ಟು ನೆತ್ತಿಗೇರಿ ಇಪ್ಪತ್ತು ನಿಮಿಷ ಬಿಡದೆ ಮಾತನಾಡಿದೆ: ಅವನು ಎಷ್ಟು ಚುರುಕು, ಎಷ್ಟು ಚೆನ್ನಾಗಿ ಕತೆ ಹೇಳುತ್ತಾನೆ, ಎಷ್ಟು ಸೂಕ್ಷ್ಮ. ತರಗತಿ ಶಿಕ್ಷಕಿ ತಾಳ್ಮೆಯಿಂದ ಕೇಳಿ, "ಆಯಿತು, ನೋಡೋಣ" ಎಂದರು. ಗೇಟಿನ ಹೊರಗೆ ಬಂದು ಲೆಕ್ಕ ಹಾಕಿದರೆ ಕೈಗೆ ದಕ್ಕಿದ್ದು ಆ "ನೋಡೋಣ" ಒಂದೇ.

ಎಲ್ಲಿ ಎಡವಿದೆ ಎಂಬುದು ತಿಳಿಯಲು ಬಹಳ ದಿನ ಹಿಡಿಯಿತು. ಅವರು ಸೋಮಾರಿ ಎಂದರು, ನಾನು ಚುರುಕು ಎಂದೆ. ಇಬ್ಬರೂ ವಿಶೇಷಣಗಳನ್ನು ಹಿಡಿದು ಜಗ್ಗಾಡಿದೆವು. ವಿಶೇಷಣಕ್ಕೆ ಯಾರೂ ಪರಿಹಾರ ಹುಡುಕಲಾರರು. "ಹಲಗೆಯ ಮೇಲಿನ ಐದು ಸಾಲು ಇಳಿಸಿಕೊಳ್ಳಲು ಅವನಿಗೆ ಹದಿನೆಂಟು ನಿಮಿಷ ಬೇಕು" ಎಂದರೆ ಮಾತು ಬೇರೆಯಾಗುತ್ತದೆ. ಅದಕ್ಕೆ ಏನಾದರೂ ಮಾಡಬಹುದು. ಮಗುವಿನ ಪರವಾಗಿ ಶಾಲೆಯೊಡನೆ ಮಾತನಾಡುವ ಕೆಲಸದ ಬಹುಪಾಲು, ಇಂಥ ವಾಕ್ಯಗಳನ್ನು ಕಲೆಹಾಕುವುದೇ.

ಮೊದಲ ಹೆಜ್ಜೆ: ಎರಡು ವಾರದ ನೋಟ್‌ಬುಕ್

ಒಂದು ಪುಟಕ್ಕೆ ಮೂರು ಅಂಕಣ ಎಳೆಯಿರಿ. ಏನು ನಡೆಯುತ್ತಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ದಿನಾಂಕ, ಗಂಟೆ ತಪ್ಪದೆ ಹಾಕಿ. "ಇಂದು ತುಂಬಾ ಹಟ ಮಾಡಿದ" ಎಂದು ಬರೆದರೆ ಮತ್ತೆ ವಿಶೇಷಣದ ಬಾವಿಗೇ ಬಿದ್ದಂತೆ. ನನ್ನ ನೋಟ್‌ಬುಕ್ಕಿನ ಒಂದು ಸಾಲು ಹೀಗಿತ್ತು: "ಮಂಗಳವಾರ ಸಂಜೆ 6.10. ಪಾಠವನ್ನು ಗಟ್ಟಿಯಾಗಿ ಓದಲು ಹೇಳಿದೆ. ನಾಲ್ಕು ಸಾಲು ಓದಿ, ಪೆನ್ಸಿಲ್ ಚೂಪು ಮಾಡಲು ಎದ್ದ. ಮೂರು ಸಲ ಎದ್ದ. ಅದೇ ಪಾಠವನ್ನು ನಾನು ಓದಿ ಹೇಳಿದಾಗ ಕದಲದೆ ಕುಳಿತ, ಐದು ಪ್ರಶ್ನೆಗಳಿಗೂ ಬಾಯಲ್ಲಿ ಉತ್ತರ ಹೇಳಿದ."

ಆ ಸಾಲನ್ನು ಇನ್ನೊಮ್ಮೆ ಓದಿ ನೋಡಿ. ಗಮನ ಇಲ್ಲದ ಹುಡುಗ ಕದಲದೆ ಕೂರುವುದಿಲ್ಲ. ಗಮನ ತಪ್ಪುತ್ತಿದ್ದುದು ಅಕ್ಷರ ಎದುರಾದಾಗ ಮಾತ್ರ. ಒಂದು ವರ್ಷದ ವಾದಕ್ಕಿಂತ ಆ ಒಂದು ಸಾಲು ಹೆಚ್ಚು ಕೆಲಸ ಮಾಡಿತು.

ಓದಿನ ತೊಡಕಿದ್ದರೆ ತಪ್ಪುಗಳನ್ನು ಇದ್ದ ಹಾಗೇ ಬರೆದುಕೊಳ್ಳಿ. ಮಗ "ಕತ್ತೆ"ಯನ್ನು "ಕತೆ" ಎಂದೂ "ಬಳ್ಳಿ"ಯನ್ನು "ಬಳಿ" ಎಂದೂ ಓದುತ್ತಿದ್ದ. ಒತ್ತಕ್ಷರ ಬಂದಲ್ಲೆಲ್ಲ ಅದು ಮಾಯ. ಅಂದರೆ ತಪ್ಪಿಗೂ ಒಂದು ಕ್ರಮವಿತ್ತು. ಕ್ರಮ ಕಂಡರೆ ವಿಶೇಷ ಶಿಕ್ಷಕರಿಗೆ ಎಲ್ಲಿಂದ ಹಿಡಿಯಬೇಕೆಂದು ಗೊತ್ತಾಗುತ್ತದೆ. ಜೊತೆಗೆ, ಯಾವುದು ಸುಲಭವಾಗಿ ಆಗುತ್ತದೆ ಎಂಬುದನ್ನೂ ಬರೆಯಿರಿ. ಹೊಗಳಿಕೆಗಾಗಿ ಅಲ್ಲ. ಮಗು ಯಾವ ದಾರಿಯಿಂದ ಕಲಿಯುತ್ತದೆ ಎಂಬುದಕ್ಕೆ ಅದೇ ಸುಳಿವು.

ಇದೇ ಹೊತ್ತಿನಲ್ಲಿ ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಒಂದು ಕಿವಿ ಸ್ವಲ್ಪ ಮಂದವಾಗಿರುವ ಮಗುವೂ ತರಗತಿಯ ಗದ್ದಲದಲ್ಲಿ "ಗಮನವಿಲ್ಲದ" ಮಗುವಾಗಿಯೇ ಕಾಣುತ್ತದೆ.

ಎರಡನೆಯದು: ಬಾಯಿಮಾತು ಬಿಟ್ಟು ಬರಹಕ್ಕೆ ಬನ್ನಿ

ಗೇಟಿನ ಬಳಿ ಶಿಕ್ಷಕಿ ಸಿಕ್ಕಾಗ ಹೇಳಿದ ಮಾತು ಗಾಳಿಗೆ ಹೋಗುತ್ತದೆ. ಮೌಲ್ಯಮಾಪನ ಬೇಕೆಂದು ಮುಖ್ಯ ಶಿಕ್ಷಕರಿಗೆ ಪತ್ರವನ್ನೋ ಇಮೇಲನ್ನೋ ಕಳುಹಿಸಿ. ಉದ್ದ ಬೇಡ: "ನನ್ನ ಮಗಳು ನಾಲ್ಕನೇ ತರಗತಿಯಲ್ಲಿದ್ದಾಳೆ. ಓದುವಾಗ ಮತ್ತು ಬರೆಯುವಾಗ ಈ ಕೆಳಗಿನ ತೊಡಕುಗಳನ್ನು ಗಮನಿಸಿದ್ದೇನೆ. ಅವಳ ಕಲಿಕೆಯ ಅಗತ್ಯಗಳ ಮೌಲ್ಯಮಾಪನ ನಡೆಸುವಂತೆ ಕೋರುತ್ತೇನೆ. ಮುಂದಿನ ಕ್ರಮ ಮತ್ತು ಅದರ ದಿನಾಂಕವನ್ನು ತಿಳಿಸಿ." ಕೆಳಗೆ ನೋಟ್‌ಬುಕ್ಕಿನಿಂದ ಆಯ್ದ ನಾಲ್ಕೈದು ಸಾಲು. ಸಿಟ್ಟಿನಲ್ಲಿ ಬರೆದಿದ್ದರೆ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಕಳುಹಿಸಿ. ಅದರ ಒಂದು ಪ್ರತಿ ನಿಮ್ಮ ಬಳಿ ಇರಲಿ.

ದಿನಾಂಕಕ್ಕೆ ಇಷ್ಟೇಕೆ ಪಟ್ಟು ಎಂದರೆ, ಕೆಲವು ದೇಶಗಳಲ್ಲಿ ಗಡಿಯಾರ ಓಡತೊಡಗುವುದೇ ನಿಮ್ಮ ಬರಹದಿಂದ. ಇಂಗ್ಲೆಂಡಿನಲ್ಲಿ ಮಗುವಿನ ಅಗತ್ಯಗಳ ಮೌಲ್ಯಮಾಪನಕ್ಕೆ ಮನವಿ ಬಂದರೆ ಅದನ್ನು ನಡೆಸಬೇಕೇ ಬೇಡವೇ ಎಂದು ಸ್ಥಳೀಯ ಆಡಳಿತ 6 ವಾರದೊಳಗೆ ಹೇಳಬೇಕು. ಮಗುವಿಗೆ ಯಾವ ನೆರವು ಎಂದು ಬರೆದ ಯೋಜನೆ ಕೈಗೆ ಬರುವವರೆಗಿನ ಒಟ್ಟು ಅವಧಿ 20 ವಾರ. ಅಮೆರಿಕದಲ್ಲಿ ಪೋಷಕರು ಲಿಖಿತ ಒಪ್ಪಿಗೆ ಕೊಟ್ಟ ಮೇಲೆ, ರಾಜ್ಯವೇ ಬೇರೆ ಗಡುವು ಇಟ್ಟಿಲ್ಲದಿದ್ದರೆ, 60 ದಿನಗಳಲ್ಲಿ ಮೌಲ್ಯಮಾಪನ ಮುಗಿಯಬೇಕು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನೂ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸುವುದನ್ನೂ ಹೇಳುತ್ತದೆ; ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ 17ನೇ ಸೆಕ್ಷನ್ನಿನಲ್ಲಿವೆ. ಇವೆಲ್ಲಕ್ಕೂ ಹಿನ್ನೆಲೆಯಾಗಿ 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಇದೆ. ಅದರ 24ನೇ ವಿಧಿ ಶಿಕ್ಷಣದ್ದು. ಆದರೆ ಪೋಷಕರು ನೆನಪಿಟ್ಟುಕೊಳ್ಳಬೇಕಾದದ್ದು 2ನೇ ವಿಧಿ: ಸಮಂಜಸವಾದ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಅದು ಹೇಳುತ್ತದೆ. ಸಭೆಯಲ್ಲಿ ಕಾಯ್ದೆಯ ಪುಸ್ತಕ ಬೀಸುವ ಅಗತ್ಯವಿಲ್ಲ. ನಿಮಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಾದರೆ ಸಾಕು.

ಮೂರನೆಯದು: ವರದಿಯನ್ನು ಓದಲು ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಏಕೆಂದರೆ ಪೋಷಕರ ಧೈರ್ಯ ಕುಸಿಯುವುದು ಇಲ್ಲಿಯೇ.

ಮನಶ್ಶಾಸ್ತ್ರಜ್ಞರ ವರದಿಯಲ್ಲಿ "ಓದಿನ ನಿರರ್ಗಳತೆ: 16ನೇ ಪರ್ಸೆಂಟೈಲ್" ಎಂದಿರುತ್ತದೆ. ಮಗುವಿಗೆ ನೂರಕ್ಕೆ ಹದಿನಾರು ಅಂಕ ಬಂದಿದೆ ಎಂದು ತಿಳಿದು ಎಷ್ಟೋ ಮಂದಿ ಕಣ್ಣೀರು ಹಾಕುತ್ತಾರೆ. ಪರ್ಸೆಂಟೈಲ್ ಶೇಕಡಾವಾರು ಅಂಕ ಅಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಕಡಿಮೆ ಅಂಕದವರಿಂದ ಶುರುಮಾಡಿ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗು ಎಷ್ಟನೆಯ ಜಾಗದಲ್ಲಿ ನಿಲ್ಲುತ್ತದೆ ಎಂಬುದಷ್ಟೇ ಅದರ ಅರ್ಥ. 50ನೇ ಪರ್ಸೆಂಟೈಲ್ ಎಂದರೆ ಸಾಲಿನ ನಟ್ಟನಡುವೆ. ಅದು ಜಸ್ಟ್ ಪಾಸ್ ಅಲ್ಲ.

ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ, ಸ್ಟ್ಯಾಂಡರ್ಡ್ ಸ್ಕೋರ್. ಹೆಚ್ಚಿನ ಪರೀಕ್ಷೆಗಳಲ್ಲಿ ಅದರ ಸರಾಸರಿ 100. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ನಡುವೆ ಬರುತ್ತಾರೆ. 85 ಎಂದರೆ ಹೆಚ್ಚುಕಡಿಮೆ ಆ 16ನೇ ಪರ್ಸೆಂಟೈಲೇ.

ಒಟ್ಟು ಅಂಕವನ್ನು ಕಡೆಗೆ ನೋಡಿ, ಮೊದಲು ಬಿಡಿ ಅಂಕಗಳನ್ನು ನೋಡಿ. ವ್ಯಾಪಕವಾಗಿ ಬಳಕೆಯಲ್ಲಿರುವ ವೆಕ್ಸ್ಲರ್ ಬುದ್ಧಿಶಕ್ತಿ ಪರೀಕ್ಷೆಯ ಐದನೇ ಆವೃತ್ತಿಯಲ್ಲಿ ಐದು ವಿಭಾಗಗಳಿವೆ. ಭಾಷೆಯ ಗ್ರಹಿಕೆ, ಕೆಲಸ ಮಾಡುವ ವೇಗ ಅವುಗಳಲ್ಲಿ ಎರಡು. ಒಂದು ಮಗುವಿಗೆ ಭಾಷೆಯ ಗ್ರಹಿಕೆಯಲ್ಲಿ 118, ವೇಗದಲ್ಲಿ 82 ಬಂದಿದೆ ಎಂದುಕೊಳ್ಳಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 100. "ಸರಾಸರಿ ಮಗು, ಯಾವ ತೊಂದರೆಯೂ ಇಲ್ಲ" ಎಂದು ಕಡತ ಮುಚ್ಚಬಹುದು. ಆದರೆ ಆ ಮಗುವಿನ ದಿನ ಹೇಗಿರುತ್ತದೆ ಯೋಚಿಸಿ. ಶಿಕ್ಷಕರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ತಲೆಯಲ್ಲಿ ಸಿದ್ಧ. ಕೈ ಅದನ್ನು ಹಾಳೆಗೆ ಇಳಿಸುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. "ಬುದ್ಧಿ ಇದೆ, ಆದರೆ ಸೋಮಾರಿ" ಎಂಬ ಮಾತು ಹುಟ್ಟುವುದು ಈ ಎರಡು ಸಂಖ್ಯೆಗಳ ನಡುವಿನ ಕಂದಕದಲ್ಲಿ.

ಇನ್ನೆರಡು ಮಾತು. ವರ್ಷದ ನಂತರವೂ ಅದೇ ಸ್ಟ್ಯಾಂಡರ್ಡ್ ಸ್ಕೋರ್ ಬಂದರೆ ಮಗು ಏನೂ ಕಲಿತಿಲ್ಲವೆಂದಲ್ಲ; ವಾರಿಗೆಯವರ ವೇಗದಲ್ಲೇ ಕಲಿತಿದೆ, ಆದರೆ ಅಂತರ ಕಡಿಮೆಯಾಗಿಲ್ಲ ಎಂದು. ಮತ್ತೆ, ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು ಎಂದು ಕೇಳಲೇಬೇಕು. ಮಗುವಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ನಡೆಸಿದ ಪರೀಕ್ಷೆ, ಭಾಷೆಯ ಪರಿಚಯವನ್ನು ಅಳೆದಿರುತ್ತದೆಯೇ ಹೊರತು ಬುದ್ಧಿಯನ್ನಲ್ಲ. ಅರ್ಥವಾಗದ್ದನ್ನು ವರದಿ ಬರೆದವರಿಗೇ ಫೋನ್ ಮಾಡಿ ಕೇಳಿ. "ಇದರಿಂದ ತರಗತಿಯಲ್ಲಿ ಏನು ಬದಲಾಗಬೇಕು?" ಎಂಬ ಒಂದು ಪ್ರಶ್ನೆಗೆ ಅವರು ಉತ್ತರಿಸದಿದ್ದರೆ ವರದಿ ಇನ್ನೂ ಮುಗಿದಿಲ್ಲ ಎಂದೇ ಲೆಕ್ಕ.

ನಾಲ್ಕನೆಯದು: ಸಭೆ

ಒಂದೇ ಹಾಳೆ ತೆಗೆದುಕೊಂಡು ಹೋಗಿ. ಮೇಲೆ ಮಗುವಿಗೆ ಚೆನ್ನಾಗಿ ಆಗುವ ಎರಡು ಕೆಲಸ, ನಡುವೆ ಮೂರು ತೊಡಕು, ಕೆಳಗೆ ಮೂರು ಬೇಡಿಕೆ. ಹತ್ತು ಬೇಡಿಕೆ ಇಟ್ಟರೆ ಸುಲಭವಾದ ಒಂದನ್ನು ಆರಿಸಿ ಉಳಿದದ್ದನ್ನು ಮರೆಯುತ್ತಾರೆ. ಒಬ್ಬರೇ ಹೋಗಬೇಡಿ. ಜೊತೆಗೆ ಬಂದವರು ಮಾತನಾಡಬೇಕಿಲ್ಲ, ಬರೆದುಕೊಂಡರೆ ಸಾಕು. ಗಂಟಲು ಕಟ್ಟಿದಾಗ ಕಿವಿಗೂ ಏನೂ ಕೇಳುವುದಿಲ್ಲ ಎಂಬುದು ನನ್ನ ಅನುಭವ.

ಮೇಜಿನ ಆಚೆಯಿಂದ ವಿಶೇಷಣ ಬಂದಾಗ ಎದುರುತ್ತರ ಕೊಡದೆ ಪ್ರಶ್ನೆ ಕೇಳಿ. "ಗಲಾಟೆ ಮಾಡುತ್ತಾಳೆ" ಎಂದರೆ, "ಯಾವ ಪಿರಿಯಡ್‌ನಲ್ಲಿ? ಅದಕ್ಕೆ ಮೊದಲು ಏನು ಮಾಡಲು ಹೇಳಿದ್ದಿರಿ?" ಶಿಕ್ಷಕರಿಗೂ ಇದು ಉಪಕಾರವೇ. ಒಂದು ತರಗತಿಯಲ್ಲಿ ಹಲವು ಮಕ್ಕಳನ್ನು ಸಂಭಾಳಿಸುವವರಿಗೆ ಒಂದೊಂದನ್ನೂ ಹೀಗೆ ಬಿಡಿಸಿ ನೋಡಲು ಪುರುಸೊತ್ತು ಸಿಕ್ಕಿರುವುದಿಲ್ಲ. ಅವರನ್ನು ಎದುರಾಳಿ ಮಾಡಿಕೊಂಡವರು ಸಭೆಯಲ್ಲಿ ಗೆದ್ದರೂ ತರಗತಿಯಲ್ಲಿ ಸೋಲುತ್ತಾರೆ.

"ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ" ಎಂಬ ಮಾತು ಬಂದೇ ಬರುತ್ತದೆ. ಕನ್ನಡಕ ಹಾಕಿದ ಮಗುವನ್ನು ನೋಡಿ ಉಳಿದವರಿಗೂ ಕನ್ನಡಕ ಹಂಚುವುದಿಲ್ಲವಲ್ಲ ಎಂದು ನಗುತ್ತಲೇ ಹೇಳಬಹುದು.

ಒಪ್ಪಿಗೆ ಕೊಡುವ ಮೊದಲು ಒಂದು ವ್ಯತ್ಯಾಸ ಸ್ಪಷ್ಟವಿರಲಿ. ಅದೇ ಪ್ರಶ್ನೆಪತ್ರಿಕೆಗೆ ಹೆಚ್ಚು ಸಮಯ, ದಪ್ಪ ಅಕ್ಷರ, ಬರೆಯುವ ಬದಲು ಬಾಯಲ್ಲಿ ಉತ್ತರ: ಇವು ದಾರಿಯನ್ನು ಬದಲಿಸುತ್ತವೆ, ಊರು ಅದೇ. ಪಾಠವನ್ನೇ ಅರ್ಧಕ್ಕೆ ಇಳಿಸುವುದು, ಕೆಳಗಿನ ತರಗತಿಯ ಪುಸ್ತಕ ಕೊಡುವುದು ಊರನ್ನೇ ಬದಲಿಸಿದಂತೆ. ಕೆಲವು ಮಕ್ಕಳಿಗೆ ಅದೂ ಬೇಕಾಗುತ್ತದೆ. ಆದರೆ ಮುಂದಿನ ತರಗತಿ, ಮುಂದಿನ ಪ್ರಮಾಣಪತ್ರಗಳ ಮೇಲೆ ಅದರ ಪರಿಣಾಮ ಏನೆಂದು ಕೇಳದೆ ಸಹಿ ಹಾಕಬೇಡಿ.

ಗುರಿ ಬರೆಯುವಾಗಲೂ ಅದೇ ಎಚ್ಚರ. "ಓದು ಸುಧಾರಿಸಬೇಕು" ಎಂಬುದು ಗುರಿ ಅಲ್ಲ, ಹಾರೈಕೆ. "ಈಗ ನಿಮಿಷಕ್ಕೆ 22 ಪದ ಸರಿಯಾಗಿ ಓದುತ್ತಾನೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಅರ್ಧ ಗಂಟೆ ವಿಶೇಷ ಶಿಕ್ಷಕಿಯೊಂದಿಗೆ ಒತ್ತಕ್ಷರಗಳ ಅಭ್ಯಾಸ. ಅವಧಿಯ ಕೊನೆಗೆ ಅದೇ ಮಟ್ಟದ ಪಠ್ಯದಲ್ಲಿ 40 ಪದ." ಈಗ ಎಲ್ಲಿದ್ದಾನೆ, ಯಾರು, ಎಷ್ಟು ಹೊತ್ತು, ಎಲ್ಲಿಗೆ ಮುಟ್ಟಬೇಕು, ಎಲ್ಲವೂ ಇದರಲ್ಲಿದೆ. ವೈಯಕ್ತಿಕ ಶಿಕ್ಷಣ ಯೋಜನೆ ಎಂದು ಏನೇ ದೊಡ್ಡ ಹೆಸರಿಟ್ಟರೂ ಅದರ ಒಳಗೆ ಇರಬೇಕಾದದ್ದು ಇಂಥ ಸಾಲುಗಳು.

ಅದೇ ಸಂಜೆ ಒಂದು ಇಮೇಲ್ ಕಳುಹಿಸಿ: "ಇಂದು ನಾವು ಒಪ್ಪಿದ್ದು ಇಷ್ಟು. ಏನಾದರೂ ಬಿಟ್ಟಿದ್ದರೆ ತಿಳಿಸಿ. ಆರು ವಾರದ ನಂತರ ಮತ್ತೆ ಸೇರೋಣ." ಧನ್ಯವಾದವನ್ನೂ ಬರೆಯಿರಿ, ಮನಸ್ಸಿನಿಂದಲೇ ಬರೆಯಿರಿ. ಶಾಲೆ ಏನನ್ನೂ ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ, ಆ ಕಾಗದದೊಂದಿಗೆ ಆಡಳಿತ ಮಂಡಳಿಗೆ, ಅಲ್ಲಿಂದ ಶಿಕ್ಷಣ ಇಲಾಖೆಗೆ, ಮೆಟ್ಟಿಲು ಬಿಡದೆ ಹತ್ತಿ. ನೋಟ್‌ಬುಕ್, ಪತ್ರ, ವರದಿ, ಇಮೇಲ್ ಎಲ್ಲವೂ ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿದ್ದರೆ ಅರ್ಧ ದಾರಿ ಸವೆದಂತೆ.

ಹಾಳೆಯ ಕೊನೆಯ ಸಾಲು

ನನ್ನ ಹಾಳೆಯಲ್ಲಿ ಮೂರನೆಯ ಬೇಡಿಕೆಯ ಜಾಗ ಖಾಲಿ ಉಳಿದಿತ್ತು. ಸಭೆಯ ಹಿಂದಿನ ರಾತ್ರಿ ಮಗನನ್ನೇ ಕೇಳಿದೆ, ಶಾಲೆಯಲ್ಲಿ ಒಂದು ವಿಷಯ ಬದಲಾಗಬೇಕೆಂದರೆ ಯಾವುದು ಎಂದು. ಹೆಚ್ಚುವರಿ ಸಮಯ ಕೇಳುತ್ತಾನೆ ಎಂದುಕೊಂಡಿದ್ದೆ. ಅವನು ತುಸು ಯೋಚಿಸಿ, "ಗಟ್ಟಿಯಾಗಿ ಓದು ಎಂದು ಇದ್ದಕ್ಕಿದ್ದಂತೆ ಎಬ್ಬಿಸಬಾರದು. ಯಾವ ಸಾಲು ಅಂತ ಹಿಂದಿನ ದಿನವೇ ಹೇಳಬೇಕು" ಎಂದ. ಹಾಗೇ ಬರೆದುಕೊಂಡು ಹೋದೆ. ಶಿಕ್ಷಕಿ ಆ ಸಾಲನ್ನು ಎರಡು ಸಲ ಓದಿದರು. ಪೆನ್ನು ತೆಗೆದು ತಮ್ಮ ಡೈರಿಯಲ್ಲಿ ಏನೋ ಗುರುತು ಹಾಕಿಕೊಂಡರು. ಮರುದಿನ ಸಂಜೆ ಅವನ ಪಠ್ಯಪುಸ್ತಕದಲ್ಲಿ ಮೂರು ಸಾಲುಗಳ ಕೆಳಗೆ ಪೆನ್ಸಿಲ್ಲಿನ ತೆಳು ಗೆರೆ ಇತ್ತು, ಪಕ್ಕದಲ್ಲಿ "ಗುರುವಾರ" ಎಂದು ಬರೆದಿತ್ತು.