ಅಬ್ಬನ ಆಸ್ತಿ 168 ಪಾಲಾದ ಬಗೆ

ಅಬ್ಬ ತೀರಿಕೊಂಡಾಗ ತೀರ್ಥಹಳ್ಳಿ ಕಡೆಯ ಅಡಿಕೆ ತೋಟ, ಒಂದು ಮನೆ, ಬ್ಯಾಂಕಿನಲ್ಲಿ ಸ್ವಲ್ಪ ಹಣ ಅವರ ಹೆಸರಲ್ಲಿತ್ತು. ವಾರಸುದಾರರು ಏಳು ಜನ: ದಾದಿ (ಅಬ್ಬನ ತಾಯಿ), ಅಮ್ಮಿ, ನಾನು, ನನ್ನ ತಮ್ಮ, ಮೂವರು ತಂಗಿಯರು. ಬ್ಯಾಂಕಿನಲ್ಲಿ ನಾಮಿನಿ ನಾನೇ ಆಗಿದ್ದೆ. ನಾಮಿನಿ ಅಂದರೆ ಹಣ ಬಿಡಿಸಿಕೊಳ್ಳುವವನು ಅಷ್ಟೇ. ಹಣ ಏಳೂ ಜನರದ್ದು.

ಶರೀಅತ್, ಅಂದರೆ ಇಸ್ಲಾಮಿನ ಕಾನೂನಿನ ಪ್ರಕಾರ ಮೊದಲು ದಫನಿನ ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯತ್ (ಉಯಿಲು) ಇದ್ದರೆ ಉಳಿದದ್ದರಲ್ಲಿ ಮೂರನೇ ಒಂದರವರೆಗೆ. ಇದೆಲ್ಲ ಕಳೆದು ಮಿಕ್ಕಿದ್ದೇ ಪಾಲಿಗೆ. ಸೊಸೈಟಿಯ ಬೆಳೆ ಸಾಲ ಎಲ್ಲರಿಗೂ ಗೊತ್ತಿತ್ತು. ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಮೆಹರ್ ಅಮ್ಮಿಗೆ ಬಾಕಿ ಇದ್ದದ್ದನ್ನು ಯಾರೂ ಮಾತಾಡಿರಲಿಲ್ಲ. ಅದೂ ಸಾಲವೇ ಅಲ್ವಾ? ಅದನ್ನೂ ತೀರಿಸಿಯೇ ಮುಂದೆ ಹೋದೆವು.

ಲೆಕ್ಕ ಹೀಗೆ. ಮಕ್ಕಳಿರುವುದರಿಂದ ಹೆಂಡತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು. ಉಳಿದದ್ದು ಮಕ್ಕಳಿಗೆ, ಮಗನಿಗೆ ಮಗಳ ಎರಡರಷ್ಟು. ಒಟ್ಟು 168 ಪಾಲು ಮಾಡಿದರೆ ಅಮ್ಮಿಗೆ 21, ದಾದಿಗೆ 28, ನನಗೂ ತಮ್ಮನಿಗೂ ತಲಾ 34, ತಂಗಿಯರಿಗೆ ತಲಾ 17. ಮೌಲಾನಾ ಅವರಿಗೂ ತೋರಿಸಿ ಖಚಿತ ಮಾಡಿಕೊಂಡೆ.

ಕಷ್ಟ ಇದ್ದದ್ದು ತೋಟದಲ್ಲಿ. ಹಳ್ಳದ ಪಕ್ಕದ ಗುಂಟೆಯೂ ಗುಡ್ಡದಂಚಿನ ಗುಂಟೆಯೂ ಒಂದೇ ಅಲ್ಲ. ಒಂದಕ್ಕೆ ಬೇಸಿಗೆಯಲ್ಲೂ ನೀರು, ಇನ್ನೊಂದರಲ್ಲಿ ಮರ ಸೊರಗಿವೆ. ಹಾಗಾಗಿ ನೆಲ ಅಳೆದು ಹಂಚಲಿಲ್ಲ. ಊರಿನ ಇಬ್ಬರು ಹಳೆಯ ತೋಟದವರನ್ನು ಕರೆದು ತುಂಡು ತುಂಡಿಗೆ ಬೆಲೆ ಕಟ್ಟಿಸಿದೆವು. ಮನೆಗೂ ಹಾಗೇ. ಆ ವರ್ಷದ ಫಸಲನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟು, ಬಂದ ಹಣವನ್ನೂ ಇದೇ 168ರ ಲೆಕ್ಕದಲ್ಲೇ ಹಂಚಿದೆವು.

ತಂಗಿಯರು "ಭಯ್ಯಾ, ನಮಗೇನೂ ಬೇಡ" ಎಂದರು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಮಾತು ಇಲ್ಲಿಗೇ ಮುಗಿಯುತ್ತದೆ, ಹಕ್ಕು ಖುಲಾಸೆಗೆ, ಅಂದರೆ ಪಾಲು ಬಿಟ್ಟುಕೊಟ್ಟ ಪತ್ರಕ್ಕೆ, ಸಹಿ ಹಾಕಿಸಿಕೊಳ್ಳುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ತವರಿನ ಬಾಗಿಲು ಮುಚ್ಚೀತು ಎಂಬ ಭಯದಲ್ಲಿ ಹೇಳಿದ "ಬೇಡ" ಎಂಥ ಒಪ್ಪಿಗೆ? ಪ್ರತಿಯೊಬ್ಬಳ ಪಾಲಿನ ಬೆಲೆ ಎಷ್ಟು ಎಂದು ಬರೆದು ಕೈಗೆ ಕೊಟ್ಟೆ. ಮನೆಗೆ ಹೋಗಿ ಯೋಚಿಸಿ ಹೇಳಿ ಎಂದೆ. ಇಬ್ಬರು ಹಣ ಕೇಳಿದರು. ಕೊನೆಯವಳು ತೋಟವೇ ಬೇಕು ಎಂದಳು, ಅದೂ ಹಳ್ಳದ ಪಕ್ಕದ್ದು. ಕೊಟ್ಟೆವು. ಹಣ ತೆಗೆದುಕೊಂಡು ಪಾಲಿನಿಂದ ಹೊರಬರುವುದಕ್ಕೆ ಶರೀಅತ್‌ನಲ್ಲಿ ತಖಾರುಜ್ ಎಂಬ ದಾರಿ ಇದೆ. ಆದರೆ ಹಣ ಅವರ ಖಾತೆಗೆ ಬಿದ್ದ ಮೇಲೆಯೇ ಖುಲಾಸೆ ಪತ್ರ ಬರೆಸಿದ್ದು.

ಕಾಗದದ ಕೆಲಸ ಎಲ್ಲರಿಗೂ ಗೊತ್ತಿರುವಂಥದ್ದೇ: ವಂಶವೃಕ್ಷ, ಏಳೂ ಹೆಸರಿಗೆ ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), 11ಇ ನಕ್ಷೆ (ಜಮೀನು ಭಾಗ ಮಾಡಲು ಬೇಕಾದ ಸರ್ವೆ ನಕ್ಷೆ), ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಭಾಗ ಪತ್ರ.

ಇನ್ನೊಬ್ಬ ತಮ್ಮ ಅಬ್ಬನಿಗಿಂತ ಮೊದಲೇ ಹೋಗಿದ್ದ. ಅಬ್ಬನ ಗಂಡುಮಕ್ಕಳು ಬದುಕಿರುವಾಗ ಆ ತಮ್ಮನ ಮಗಳಿಗೆ ವಾರಸು ಪಾಲು ಬರುವುದಿಲ್ಲ. ಅಬ್ಬ ಅವಳಿಗೆ ವಸಿಯತ್ ಬರೆಯಬಹುದಿತ್ತು, ಬರೆದಿರಲಿಲ್ಲ. ಹಂಚುವಾಗ ಅಲ್ಲಿರುವ ಬಂಧುಗಳಿಗೆ, ಅನಾಥರಿಗೆ, ಬಡವರಿಗೂ ಏನಾದರೂ ಕೊಡಿ ಎಂದು ಕುರ್‌ಆನಿನ ಸೂರಾ ನಿಸಾದ 8ನೇ ಆಯತ್ ಹೇಳುತ್ತದೆ. ನಾನು, ತಮ್ಮ, ಅಮ್ಮಿ ನಮ್ಮ ನಮ್ಮ ಪಾಲಿನಿಂದ ಅವಳಿಗೆ ಹಿಬಾ (ದಾನ) ಮಾಡಿದೆವು. ಬಾಯಿಮಾತು ಸಾಲದು, ಅವಳು ಒಪ್ಪಿ ವಶಕ್ಕೆ ಪಡೆದರೇ ಹಿಬಾ ಪೂರ್ತಿ. ಅದಕ್ಕೇ ಹಣವನ್ನು ನೇರವಾಗಿ ಅವಳ ಖಾತೆಗೇ ಹಾಕಿದ್ದೇವೆ. ಶಿವಮೊಗ್ಗದಲ್ಲಿ ಅವಳ ಕಾಲೇಜು ಫೀಸು ಅದರಿಂದಲೇ ಹೋಗುತ್ತಿದೆ.