ಸಂಕ್ರಾಂತಿಗೆ ಎಳ್ಳು ಬೆಲ್ಲ ಮನೆಯಲ್ಲೇ ಮಾಡಿ

ಅಂಗಡಿಯ ಪ್ಯಾಕೆಟ್‌ಗಳಲ್ಲಿ ಹುರಿಗಡಲೆಯೇ ಜಾಸ್ತಿ, ಕೊಬ್ಬರಿ ಹುಡುಕಬೇಕು. ಅದಕ್ಕೇ ಮನೆಯಲ್ಲೇ ಮಾಡಿ ಹಂಚೋದು ಒಳ್ಳೆಯದು.

ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಒಂದೊಂದು ಬಟ್ಟಲು, ಬಿಳಿ ಎಳ್ಳು ಅರ್ಧ ಬಟ್ಟಲು ಸಾಕು.

ಕೆಲಸ ಇರೋದು ಬೆಲ್ಲ, ಕೊಬ್ಬರಿಯಲ್ಲಿ. ಹಬ್ಬಕ್ಕೆ 4-5 ದಿನ ಮೊದಲೇ ಶುರು ಮಾಡಿ. ಗಟ್ಟಿಯಾದ ಅಚ್ಚು ಬೆಲ್ಲ ತಗೊಳ್ಳಿ, ಮೆತ್ತಗಿದ್ದರೆ ಎಲ್ಲಾ ಅಂಟಿಕೊಂಡು ಮುದ್ದೆಯಾಗುತ್ತದೆ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ತೆಗೆದು, ಎರಡನ್ನೂ ಸಣ್ಣ ಚೂರು ಮಾಡಿ, ಬೇರೆ ಬೇರೆ ತಟ್ಟೆಯಲ್ಲಿ ಹರಡಿ, ಮೇಲೆ ತೆಳ್ಳನೆ ಬಟ್ಟೆ ಮುಚ್ಚಿ ಎರಡು ಮೂರು ದಿನ ಬಿಸಿಲಿಗೆ ಇಡಿ. ಇರುವೆ ಬರುತ್ತವೆ, ಒಂದು ಕಣ್ಣಿಟ್ಟಿರಿ.

ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಕೈಯಲ್ಲಿ ಉಜ್ಜಿ ಸಿಪ್ಪೆ ತೆಗೆದು, ಬೇಳೆ ಮಾಡಿಕೊಳ್ಳಿ. ಎಳ್ಳು ಚಟಪಟ ಅಂದ ಕೂಡಲೇ ಇಳಿಸಿ, ಇಲ್ಲಾಂದ್ರೆ ಕಹಿಯಾಗುತ್ತದೆ. ಹುರಿಗಡಲೆ ಸುಮ್ನೆ ಬೆಚ್ಚಗಾದರೆ ಸಾಕು.

ಎಲ್ಲಾ ಪೂರ್ತಿ ಆರಿದ ಮೇಲೆ ಬೆರೆಸಿ. ಬಿಸಿ ಇದ್ದರೆ ಬೆಲ್ಲ ಕರಗುತ್ತದೆ ಅಲ್ವಾ? ಬಣ್ಣದ ಜೀರಿಗೆ ಪೆಪ್ಪರ್‌ಮಿಂಟ್ ಹಾಕೋದು ಮಕ್ಕಳಿಗಾಗಿ, ನನಗಂತೂ ಬೇಡ. ಒಣಗಿದ ಡಬ್ಬಿಗೆ ತುಂಬಿಡಿ, ಬೀರುವಾಗ ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ಜೊತೆಗಿಡಿ.