‘ತಪ್ಪಾಯ್ತು’ ಅನ್ನುವ ಮೊದಲು: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ ಕ್ರಿಮಿನಲ್ ಕಾನೂನಿನ ಬಗ್ಗೆ

ನಮ್ಮ ಕಡೆ ಬಸ್ಸಿನಲ್ಲಿ ಯಾರದ್ದಾದರೂ ಕಾಲು ತುಳಿದರೆ, ಅಂಗಡಿಯಲ್ಲಿ ಲೆಕ್ಕ ಹೆಚ್ಚುಕಮ್ಮಿಯಾದರೆ, ಮೊದಲು ಬಾಯಿಗೆ ಬರುವುದು ‘ತಪ್ಪಾಯ್ತು, ಬಿಡಿ’ ಅನ್ನುವ ಮಾತು. ಅದು ಮರ್ಯಾದೆಯ ಮಾತು. ಯಾರೂ ಅದನ್ನು ಅಪರಾಧ ಒಪ್ಪಿಕೊಂಡ ಹಾಗೆ ಎಂದು ತಿಳಿಯುವುದಿಲ್ಲ. ಇಲ್ಲಿ ಪೊಲೀಸರ ಎದುರು ಅದೇ ಮಾತು ಆಡಿದರೆ ಅದು ರಿಪೋರ್ಟಿಗೆ ಸೇರುತ್ತದೆ. ಸ್ಯಾನ್ ಹೋಸೆ ಕಡೆ ಇಪ್ಪತ್ತು ವರ್ಷದಿಂದ ಇದ್ದೇನೆ. ವಕೀಲಿ ಓದಿದವನಲ್ಲ. ಆದರೆ ನಮ್ಮವರ ಜೊತೆ ಕೋರ್ಟಿನ ಬೆಂಚಿನ ಮೇಲೆ ಕೂತು ಕಲಿತದ್ದು ಸ್ವಲ್ಪ ಇದೆ. ಅದನ್ನು ಹೇಳುತ್ತೇನೆ.

ಕೆಲವು ವರ್ಷದ ಹಿಂದಿನ ಮಾತು. ದಾವಣಗೆರೆ ಕಡೆಯ ಹುಡುಗ, ಬಂದು ಆರು ವಾರ ಆಗಿತ್ತು. ಹೊಸ ಮನೆಗೆ ಸಾಮಾನು ತರಲು ದೊಡ್ಡ ಅಂಗಡಿಗೆ ಹೋಗಿದ್ದ. ತಾನೇ ಬಿಲ್ ಮಾಡಿಕೊಳ್ಳುವ ಮಷಿನ್ ಹತ್ತಿರ ನಿಂತು ಒಂದೊಂದೇ ಸಾಮಾನು ತೋರಿಸಿದ. ತಳ್ಳುಗಾಡಿಯ ಕೆಳಗಿನ ತಟ್ಟೆಯಲ್ಲಿ ಒಂದು ಅಕ್ಕಿ ಚೀಲ, ಒಂದು ಹೊದಿಕೆಯ ಪ್ಯಾಕೆಟ್ ಇತ್ತು. ಅದು ಉಳಿದುಹೋಯಿತು. ಬಾಗಿಲು ದಾಟಿದ ತಕ್ಷಣ ಅಂಗಡಿಯ ಕಾವಲಿನವರು ತಡೆದರು. ಹುಡುಗ ನಡುಗಿಹೋದ. ‘ಸಾರಿ ಸಾರ್, ಸಾರಿ, ನಂದೇ ತಪ್ಪು, ಈಗಲೇ ದುಡ್ಡು ಕೊಡ್ತೀನಿ’ ಎಂದು ಇಂಗ್ಲಿಷಿನಲ್ಲಿ ಹತ್ತು ಸಲ ಹೇಳಿದ. ಪೊಲೀಸರು ಬಂದರು. ಅವರಿಗೂ ಅದನ್ನೇ ಹೇಳಿದ. ಆಮೇಲೆ ವಕೀಲರ ಕೈಗೆ ಸಿಕ್ಕ ರಿಪೋರ್ಟನ್ನು ನಾನೂ ನೋಡಿದೆ. ‘ದುಡ್ಡು ಕೊಡದೆ ಹೊರಟಿದ್ದನ್ನು ಒಪ್ಪಿಕೊಂಡ, ಕ್ಷಮೆ ಕೇಳಿದ’ ಎಂದಿತ್ತು. ಮರೆತೆ ಅನ್ನುವ ಒಂದೇ ಒಂದು ಮಾತು ಅದರಲ್ಲಿ ಇರಲಿಲ್ಲ. ಏಕೆಂದರೆ ಅದನ್ನು ಅವನು ಹೇಳಿಯೇ ಇರಲಿಲ್ಲ.

ಊರಿನಿಂದ ಬಂದವರಿಗೆ ಇದು ತಿಳಿಯುವುದು ಕಷ್ಟ. ಭಾರತದಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಹಾಗಿತ್ತು, 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಲ್ಲೂ ಹಾಗೇ ಇದೆ. ಕ್ಯಾಲಿಫೋರ್ನಿಯಾದ ದಂಡ ಸಂಹಿತೆ ಕೂಡ 1872ರದ್ದೇ. ಆದರೆ ಇಲ್ಲಿ ಪೊಲೀಸರಿಗೆ ನೀವಾಗಿ ಹೇಳಿದ್ದು ಸೀದಾ ಜ್ಯೂರಿಯ, ಅಂದರೆ ತೀರ್ಪು ಹೇಳಲು ಕೂರಿಸುವ ಸಾಮಾನ್ಯ ಜನರ ತಂಡದ, ಮುಂದೆ ಬರಬಹುದು. ‘ನನಗೆ ಹಕ್ಕುಗಳನ್ನೇ ಓದಿ ಹೇಳಲಿಲ್ಲ, ಹಾಗಾಗಿ ನಾನು ಆಡಿದ ಮಾತು ನಡೆಯುವುದಿಲ್ಲ’ ಎಂದು ಜಾಸ್ತಿ ಜನ ನಂಬಿಕೊಂಡಿರುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟಿನ 1966ರ ಮಿರಾಂಡಾ ತೀರ್ಪಿನ ಪ್ರಕಾರ, ಸುಮ್ಮನಿರುವ ಮತ್ತು ವಕೀಲರನ್ನು ಕೇಳುವ ಹಕ್ಕಿದೆ ಎಂಬ ಆ ಎಚ್ಚರಿಕೆ ಕೊಡಬೇಕಾದದ್ದು, ನಿಮ್ಮನ್ನು ವಶಕ್ಕೆ ತೆಗೆದುಕೊಂಡು ಪ್ರಶ್ನೆ ಕೇಳುವ ಮೊದಲು. ಅದಕ್ಕೂ ಮುಂಚೆ, ಅಂಗಡಿ ಬಾಗಿಲಲ್ಲಿ ನೀವಾಗಿ ಸುರಿದ ಮಾತಿಗೆ ಆ ರಕ್ಷಣೆ ಇಲ್ಲ.

ಹಾಗಾದರೆ ಏನು ಮಾಡಬೇಕು? ಹೆಸರು ಸರಿಯಾಗಿ ಹೇಳಿ. ಗಾಡಿ ಓಡಿಸುತ್ತಿದ್ದರೆ ಲೈಸೆನ್ಸ್, ನೋಂದಣಿ, ವಿಮೆ ಕಾಗದ ಕೊಡಿ. ಸುಳ್ಳು ಹೇಳಬೇಡಿ, ಅದು ಇನ್ನೊಂದು ಅಪರಾಧ ಆದೀತು. ತಳ್ಳಾಡಬೇಡಿ, ಓಡಬೇಡಿ. ಆಮೇಲೆ ‘ಐ ವಿಲ್ ರಿಮೇನ್ ಸೈಲೆಂಟ್, ಐ ವಾಂಟ್ ಎ ಲಾಯರ್’ ಎಂದು ಬಾಯಿ ಬಿಟ್ಟು ಹೇಳಿ. ಸುಮ್ನೆ ಕೂತರೆ ಸಾಲದು. 2010ರಲ್ಲಿ ಸುಪ್ರೀಂ ಕೋರ್ಟು, ಸುಮ್ಮನಿರುವ ಹಕ್ಕು ಬೇಕಿದ್ದರೆ ಹಾಗೆಂದು ಸ್ಪಷ್ಟವಾಗಿ ಹೇಳಬೇಕು ಎಂದಿದೆ. ವಕೀಲರನ್ನು ಕೇಳುವುದು ಸೊಕ್ಕಲ್ಲ. ಅದನ್ನು ತಪ್ಪಿತಸ್ಥನ ಲಕ್ಷಣ ಎಂದು ಜ್ಯೂರಿಗೆ ತೋರಿಸುವ ಹಾಗೂ ಇಲ್ಲ.

ಬಂಧನವಾದರೆ, ಸಾಧ್ಯವಾದ ಮಟ್ಟಿಗೆ ಮೂರು ಗಂಟೆಯೊಳಗೆ ಮೂರು ಫೋನ್ ಮಾಡುವ ಹಕ್ಕು ಇಲ್ಲಿ ಇದೆ. ಮಗು ನೋಡಿಕೊಳ್ಳುವವರು ನೀವೇ ಆಗಿದ್ದರೆ ಅದರ ಏರ್ಪಾಟಿಗೆ ಇನ್ನೆರಡು. ಮನೆಯವರ ಜೊತೆಗಿನ ಆ ಮಾತು ರೆಕಾರ್ಡ್ ಆಗುತ್ತದೆ ಎಂದೇ ತಿಳಿಯಿರಿ. ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ಗೊತ್ತಾಗುತ್ತೆ ಎಂದುಕೊಳ್ಳಬೇಡಿ. ಅನುವಾದ ಮಾಡಿಸುತ್ತಾರೆ. ‘ಇಲ್ಲಿದ್ದೇನೆ, ವಕೀಲರನ್ನು ನೋಡಿ’ ಅಷ್ಟೇ ಹೇಳಿ.

ಈಗ ಕಾನೂನಿನ ಒಳಗೆ ಬರೋಣ. ದಂಡ ಸಂಹಿತೆಯ 20ನೇ ಸೆಕ್ಷನ್ ಒಂದೇ ಸಾಲಿನದ್ದು. ಪ್ರತಿ ಅಪರಾಧದಲ್ಲೂ ಕೃತ್ಯ ಮತ್ತು ಉದ್ದೇಶ ಎರಡೂ ಕೂಡಿರಬೇಕು, ಇಲ್ಲವೇ ದಂಡಿಸುವಷ್ಟು ಅಜಾಗರೂಕತೆ ಇರಬೇಕು ಎನ್ನುತ್ತದೆ. ಕೈ ಮಾಡಿದ್ದು ಮಾತ್ರ ಅಲ್ಲ, ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನೂ ಸರ್ಕಾರವೇ ತೋರಿಸಬೇಕು. ಸಮಂಜಸವಾದ ಸಂಶಯಕ್ಕೆ ಜಾಗವಿಲ್ಲದ ಹಾಗೆ ತೋರಿಸಬೇಕು, ಹನ್ನೆರಡು ಜನ ಜ್ಯೂರಿಯೂ ಒಮ್ಮತದಿಂದ ಒಪ್ಪಬೇಕು. ಕಳ್ಳತನಕ್ಕೆ ಬೇಕಾದದ್ದು, ಎತ್ತಿಕೊಂಡ ಗಳಿಗೆಯಲ್ಲೇ ಕದಿಯುವ ಮನಸ್ಸು. ಏರ್‌ಪೋರ್ಟಿನಲ್ಲಿ ನಿಮ್ಮದರ ಹಾಗೇ ಇರುವ ಕಪ್ಪು ಸೂಟ್‌ಕೇಸು, ಹಿಡಿಗೆ ಕೆಂಪು ದಾರ ಬೇರೆ ಕಟ್ಟಿದೆ, ನಿಮ್ಮದೇ ಎಂದು ಎಳೆದುಕೊಂಡು ಹೋದಿರಿ. ಅದು ಕಳ್ಳತನ ಅಲ್ಲ. ನಿಜವಾಗಿ ಹಾಗೆ ನಂಬಿದ್ದರೆ ಸಾಕು. ಇದನ್ನು ವಾಸ್ತವದ ಬಗೆಗಿನ ತಪ್ಪು ತಿಳಿವಳಿಕೆ ಎನ್ನುತ್ತಾರೆ. ಕಾನೂನೇ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು. ‘ನಮ್ಮೂರಲ್ಲಿ ಇದೆಲ್ಲ ನಡೆಯುತ್ತೆ’ ಎಂದರೆ ಯಾರೂ ಕೇಳುವುದಿಲ್ಲ.

ಮೇಲಿನ ಹುಡುಗನಿಗೆ ಜೀವ ಬಂದದ್ದು ಇಲ್ಲೇ. ವಕೀಲರು ಅಂಗಡಿಯ ವಿಡಿಯೋ ತರಿಸಿದರು. ಅದರಲ್ಲಿ ಅವನು ಎರಡು ಸಲ ಅಲ್ಲಿನ ಕೆಲಸದವರನ್ನು ಕರೆದು ಬಿಲ್ ಸರಿಯಾಯಿತೇ ಎಂದು ಕೇಳುತ್ತಾನೆ. ರಸೀದಿಯನ್ನು ಮಡಿಸಿ ಪರ್ಸಿಗೆ ಹಾಕುತ್ತಾನೆ. ಬಾಗಿಲ ಕಡೆ ನಿಧಾನಕ್ಕೆ ಹೋಗುತ್ತಾನೆ. ಕದಿಯುವವರ ನಡೆ ಹಾಗಿರುವುದಿಲ್ಲ, ಅಲ್ವಾ? ಮೂರನೇ ಸಲ ಕೋರ್ಟಿಗೆ ಹೋದಾಗ ಕೇಸು ವಜಾ ಆಯಿತು. ಆದರೆ ಅದಕ್ಕೆ ಮೊದಲು ಅವನು ಮನಸ್ಸು ಮಾಡಿದ್ದು ಬೇರೆಯದಕ್ಕೇ. ‘ಅಣ್ಣಾ, ಒಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡ್ತೀನಿ, ಆಫೀಸಿನಲ್ಲಿ ಗೊತ್ತಾಗೋದು ಬೇಡ’ ಅನ್ನುತ್ತಿದ್ದ. ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವ ಮಾತು ಇದೇ.

ಯಾಕೆಂದರೆ ನಾವು ಇಲ್ಲಿ ವೀಸಾದ ಮೇಲೆ ಇರುವವರು. ರಾಜ್ಯದ ಕಾನೂನಿನಲ್ಲಿ ಅಪರಾಧಗಳು ಮೂರು ಬಗೆ. ದಂಡ ಕಟ್ಟಿದರೆ ಮುಗಿಯುವ ಇನ್‌ಫ್ರಾಕ್ಷನ್, ಕೌಂಟಿ ಜೈಲಿನ ಮಟ್ಟದ ಮಿಸ್‌ಡಿಮೀನರ್, ಅದಕ್ಕೂ ದೊಡ್ಡದು ಫೆಲನಿ. 950 ಡಾಲರ್ ಮೀರದ ಸಾಮಾನ್ಯ ಕಳ್ಳತನ ಸಾಧಾರಣವಾಗಿ ಮಿಸ್‌ಡಿಮೀನರ್. ಹೆಚ್ಚೆಂದರೆ ಆರು ತಿಂಗಳು, ಮೊದಲ ಸಲದವರನ್ನು ಒಳಗೆ ಹಾಕುವುದೇ ಕಡಿಮೆ. ಅಷ್ಟೇನಾ ಅನ್ನಿಸುತ್ತದೆ. ಆದರೆ ವಲಸೆ ಕಾನೂನು ಕೇಂದ್ರ ಸರ್ಕಾರದ್ದು, ಅದರ ತಕ್ಕಡಿ ಬೇರೆ. ಕಳ್ಳತನವನ್ನು ಅದು ನೀತಿಗೆಟ್ಟ ಅಪರಾಧಗಳ ಸಾಲಿಗೆ ಸೇರಿಸುತ್ತದೆ. ದೇಶಕ್ಕೆ ಬಂದ ಐದು ವರ್ಷದೊಳಗೆ ಮಾಡಿದ ಅಂಥ ಅಪರಾಧಕ್ಕೆ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ವಿಧಿಸಲು ಅವಕಾಶವಿದ್ದರೆ ಗಡೀಪಾರಿನ ದಾರಿ ತೆರೆಯುತ್ತದೆ. ಇದಕ್ಕಾಗಿಯೇ ಕ್ಯಾಲಿಫೋರ್ನಿಯಾ 2015ರಿಂದ ಮಿಸ್‌ಡಿಮೀನರ್‌ನ ಅತಿ ಹೆಚ್ಚಿನ ಶಿಕ್ಷೆಯನ್ನು ಒಂದು ವರ್ಷದಿಂದ 364 ದಿನಕ್ಕೆ ಇಳಿಸಿತು. ಒಂದೇ ದಿನ ಕಮ್ಮಿ. ಆ ಒಂದು ದಿನದಿಂದ ಎಷ್ಟೋ ಮನೆಗಳು ಉಳಿದಿವೆ.

ಇನ್ನೊಂದು ಗುಂಡಿ ಇದೆ. ಇಲ್ಲಿ ತಪ್ಪೊಪ್ಪಿಕೊಂಡು, ಆಮೇಲೆ ಕೋರ್ಟು ಕೇಸನ್ನು ಅಳಿಸಿದರೂ, ವಲಸೆ ಇಲಾಖೆಯ ಲೆಕ್ಕದಲ್ಲಿ ಅದು ಶಿಕ್ಷೆಯಾದ ಹಾಗೇ ಉಳಿಯಬಹುದು. ಅದೇ ತಪ್ಪೊಪ್ಪಿಗೆ ಇಲ್ಲದೆ ಮಾಡುವ ಡೈವರ್ಷನ್ ಎಂಬ ದಾರಿಯಿದೆ. ತರಗತಿಗೆ ಹೋಗಬೇಕು, ಸಮಾಜಸೇವೆ ಮಾಡಬೇಕು, ನಷ್ಟ ತುಂಬಿಕೊಡಬೇಕು, ಕೊನೆಗೆ ಕೇಸು ವಜಾ. 2021ರಿಂದ ಹಲವು ಮಿಸ್‌ಡಿಮೀನರ್‌ಗಳಿಗೆ ನ್ಯಾಯಾಧೀಶರೇ ಇದನ್ನು ಕೊಡಬಹುದು. ನಿಮ್ಮ ವಕೀಲರನ್ನು ಮೊದಲ ದಿನವೇ ಇದರ ಬಗ್ಗೆ ಕೇಳಿ. ತಪ್ಪೊಪ್ಪಿಗೆಯಿಂದ ವೀಸಾಕ್ಕೆ ಏನಾಗುತ್ತದೆ ಎಂದು ಹೇಳುವುದು ವಕೀಲರ ಹೊಣೆ ಎಂದು ಸುಪ್ರೀಂ ಕೋರ್ಟಿನ 2010ರ ಪಡಿಲ್ಲಾ ತೀರ್ಪೇ ಹೇಳಿದೆ. ಅವರಿಗೆ ವಲಸೆ ಕಾನೂನು ಗೊತ್ತಿಲ್ಲದಿದ್ದರೆ ಆ ಕಡೆಯ ವಕೀಲರನ್ನೂ ಕೇಳಿಸಿ.

ಸಂಬಳ ಇಲ್ಲದವರಿಗೆ, ಕಮ್ಮಿ ಇರುವವರಿಗೆ ಪಬ್ಲಿಕ್ ಡಿಫೆಂಡರ್, ಅಂದರೆ ನಿಮ್ಮ ಪರ ವಾದಿಸಲು ಸರ್ಕಾರವೇ ಕೊಡುವ ವಕೀಲರು, ಇದ್ದಾರೆ. ಸರ್ಕಾರಿ ವಕೀಲರು ಎಂದು ಹಗುರಾಗಿ ನೋಡಬೇಡಿ. ದಿನವೂ ಅದೇ ಕೋರ್ಟಿನಲ್ಲಿ ನಿಂತವರು ಅವರು. ಅಮೆರಿಕದಲ್ಲೇ ಮೊದಲ ಪಬ್ಲಿಕ್ ಡಿಫೆಂಡರ್ ಕಚೇರಿ ಶುರುವಾದದ್ದು 1914ರಲ್ಲಿ, ಲಾಸ್ ಏಂಜಲೀಸ್ ಕೌಂಟಿಯಲ್ಲಿ. ಅದಕ್ಕಾಗಿ ವರ್ಷಗಟ್ಟಲೆ ದನಿ ಎತ್ತಿದವರು ಕ್ಯಾಲಿಫೋರ್ನಿಯಾದ ಮೊದಲ ಮಹಿಳಾ ವಕೀಲೆ ಕ್ಲಾರಾ ಫೋಲ್ಟ್ಸ್. ಆ ಊರಿನ ಕ್ರಿಮಿನಲ್ ಕೋರ್ಟಿನ ಕಟ್ಟಡಕ್ಕೆ ಈಗ ಅವರದೇ ಹೆಸರು.

ಉಳಿದ ರಕ್ಷಣೆಗಳನ್ನು, ಅಂದರೆ ಕೋರ್ಟಿನಲ್ಲಿ ಎತ್ತಬಹುದಾದ ವಾದಗಳನ್ನು, ಬೇಗ ಹೇಳಿಬಿಡುತ್ತೇನೆ. ಆತ್ಮರಕ್ಷಣೆ ನಿಜವಾದ ರಕ್ಷಣೆ. ಆದರೆ ಏಟು ಈಗಲೇ ಬೀಳುತ್ತದೆ ಅನ್ನುವ ಸ್ಥಿತಿ ಇರಬೇಕು, ನೀವು ಬಳಸಿದ ಬಲ ಅದಕ್ಕೆ ತಕ್ಕಷ್ಟೇ ಇರಬೇಕು. ‘ಅವನೇ ಮೊದಲು ಬೈದದ್ದು’ ಎಂದರೆ ಸಾಲದು. ಬರೀ ಬೈಗುಳಕ್ಕೆ ಕೈ ಎತ್ತಿದರೆ ತಪ್ಪು ನಿಮ್ಮದೇ. ‘ಕುಡಿದ ಮತ್ತಿನಲ್ಲಿ ಆಯ್ತು’ ಅನ್ನುವುದು ಹೆಚ್ಚಿನ ಅಪರಾಧಗಳಿಗೆ ನೆಪವೇ ಅಲ್ಲ. ಮಕ್ಕಳನ್ನು ಹದ್ದುಬಸ್ತಿನಲ್ಲಿಡುವ ಹಕ್ಕು ತಂದೆತಾಯಿಗೆ ಇದೆ. ಆದರೆ ಮಿತಿ ದಾಟಿದ ಏಟು, ಮೈಮೇಲೆ ಬಾಸುಂಡೆ, ಇವು ಬೇರೆ. ಊರಿಂದ ಬಂದ ಅಜ್ಜ ಅಜ್ಜಿಗೂ ಇದನ್ನು ಮೊದಲೇ ತಿಳಿಸಿ.

ಕುಡಿದು ಗಾಡಿ ಓಡಿಸುವುದರ ಬಗ್ಗೆ ಮಾತ್ರ ನಿಲ್ಲಬೇಕು. ಅಲ್ಲಿ ಮನಸ್ಸಿನ ಪ್ರಶ್ನೆಯೇ ಹೆಚ್ಚು ಬರುವುದಿಲ್ಲ. ರಕ್ತದಲ್ಲಿ ಮದ್ಯದ ಅಂಶ ಶೇ. 0.08 ಇದ್ದರೆ ಸಾಕು, ‘ನಾನು ಸರಿಯಾಗೇ ಓಡಿಸುತ್ತಿದ್ದೆ’ ಅನ್ನುವುದು ಉತ್ತರವಲ್ಲ. ವಕೀಲರು ನೋಡುವುದು ಗಾಡಿ ನಿಲ್ಲಿಸಲು ಕಾರಣ ಇತ್ತೇ, ಪರೀಕ್ಷೆಯ ಯಂತ್ರ ಸರಿಯಿತ್ತೇ, ಯಾವಾಗ ಊದಿಸಿದರು ಎಂಬುದನ್ನು. ಲೈಸೆನ್ಸ್ ಉಳಿಸಿಕೊಳ್ಳಲು ಡಿಎಂವಿಯಲ್ಲಿ (ಇಲ್ಲಿನ ಆರ್‌ಟಿಒ ಇದ್ದ ಹಾಗೆ) ವಿಚಾರಣೆ ಕೇಳಲು ಹತ್ತೇ ದಿನ. ಇನ್ನು ವೀಸಾ: ಶಿಕ್ಷೆ ಆಗದಿದ್ದರೂ, ಬರೀ ಬಂಧನದ ಮೇಲೆಯೇ ಪಾಸ್‌ಪೋರ್ಟಿನಲ್ಲಿನ ವೀಸಾ ರದ್ದು ಮಾಡುವ ಅಧಿಕಾರ ಅಮೆರಿಕದ ವಿದೇಶಾಂಗ ಇಲಾಖೆಯವರಿಗಿದೆ, ಮಾಡುತ್ತಾರೆ ಕೂಡ. ಗಾಂಜಾದ್ದೂ ಹೀಗೇ. 2016ರ ಮತದಾನದಿಂದ ರಾಜ್ಯದಲ್ಲಿ 21 ತುಂಬಿದವರಿಗೆ ಸರಿ, ಅಂಗಡಿಯಲ್ಲೇ ಸಿಗುತ್ತದೆ. ಕೇಂದ್ರದ ಕಾನೂನು ಅದನ್ನು ಒಪ್ಪುವುದಿಲ್ಲ. ಪೌರತ್ವ ಇಲ್ಲದವರು ಅದರ ಹತ್ತಿರ ಹೋಗಲೇಬೇಡಿ.

ಮನೆಯೊಳಗಿನ ಜಗಳದ ಬಗ್ಗೆ ಒಂದು ಮಾತು. ಊರಲ್ಲಿ ಠಾಣೆಗೆ ಹೋಗಿ ರಾಜಿ ಮಾಡಿಸಿ ಕರೆದುಕೊಂಡು ಬರುತ್ತಾರೆ. ಇಲ್ಲಿ ಹೊಡೆದ ಗುರುತು ಇದ್ದರೆ ಬಂಧನ ಆಗುವುದೇ ಹೆಚ್ಚು. ಆಮೇಲೆ ಹೆಂಡತಿ ‘ಕೇಸು ಬೇಡ’ ಎಂದರೂ ನಡೆಸುವುದು ಬಿಡುವುದು ಸರ್ಕಾರದ ಪರ ಕೇಸು ಹಾಕುವ ಡಿಸ್ಟ್ರಿಕ್ಟ್ ಅಟಾರ್ನಿಗೆ ಸೇರಿದ್ದು. ಏಟು ತಿನ್ನುತ್ತಿರುವ ಅಕ್ಕ ತಂಗಿಯರಿಗೆ ಹೇಳುತ್ತೇನೆ: ನಿಮ್ಮ ವೀಸಾ ಗಂಡನ ಹೆಸರಿನಲ್ಲಿದೆ ಎಂದು ಸಹಿಸಬೇಡಿ. 911 ಕರೆದರೆ ದುಭಾಷಿಯನ್ನು ಕೇಳಬಹುದು. ಬೇ ಏರಿಯಾದಲ್ಲಿ 1991ರಿಂದ ನಡೆಯುತ್ತಿರುವ ಮೈತ್ರಿ ಸಂಸ್ಥೆ ನಮ್ಮ ಕಡೆಯ ಹೆಣ್ಣುಮಕ್ಕಳಿಗಾಗಿಯೇ ಇದೆ.

ಕೋರ್ಟಿನಲ್ಲಿ ಇಂಗ್ಲಿಷ್ ಅರ್ಥವಾಗದಿದ್ದರೆ ದುಭಾಷಿ ಕೊಡಬೇಕು ಎಂದು ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲೇ ಇದೆ. ಅಪ್ಪ ಅಮ್ಮನಿಗಾದರೆ ‘ಕನ್ನಡ’ ಎಂದೇ ಹೇಳಿ. ಭಾರತದವರು ಎಂದು ಹಿಂದಿಯವರನ್ನು ಕರೆಸಿದರೆ ಬೇಡ ಅನ್ನಿ. ತಾರೀಖು ಮುಂದೆ ಹೋದರೂ ಪರವಾಗಿಲ್ಲ. ಪೊಲೀಸರು ಕೊಡುವ ಚೀಟಿಗೆ ಸಹಿ ಹಾಕಿದರೆ ತಪ್ಪು ಒಪ್ಪಿದ ಹಾಗಲ್ಲ, ಕೋರ್ಟಿಗೆ ಬರುತ್ತೇನೆ ಎಂಬ ಮಾತು ಕೊಟ್ಟ ಹಾಗೆ. ಆ ತಾರೀಖು ತಪ್ಪಿಸಿದರೆ ವಾರಂಟ್ ಹೊರಡುತ್ತದೆ. ಅಂಗಡಿಯವರು ದುಡ್ಡು ಕೇಳಿ ಬೇರೆ ಕಾಗದ ಕಳಿಸಬಹುದು. ಅದನ್ನು ಕಟ್ಟಿದರೂ ಕೋರ್ಟಿನ ಕೇಸು ಮುಗಿಯುವುದಿಲ್ಲ. ನಾನು ಹೇಳಿದ್ದೆಲ್ಲ ಕ್ಯಾಲಿಫೋರ್ನಿಯಾದ್ದು. ನ್ಯೂಜೆರ್ಸಿ, ಟೆಕ್ಸಾಸ್‌ನಲ್ಲಿ ಹೆಸರೂ ಮೊತ್ತವೂ ಬೇರೆ.

ಕೇಸು ವಜಾ ಆದ ದಿನವೇ ಕೋರ್ಟಿನ ಗುಮಾಸ್ತರ ಕಿಟಕಿಗೆ ಹೋಗಿ ಆದೇಶದ ಮೊಹರು ಹಾಕಿದ ಪ್ರತಿ ತೆಗೆದುಕೊಳ್ಳಿ, ಎರಡು ಮೂರು ಇರಲಿ. ವೀಸಾ ಅರ್ಜಿಯಲ್ಲಿ ‘ಎಂದಾದರೂ ಬಂಧನವಾಗಿತ್ತೇ’ ಎಂಬ ಪ್ರಶ್ನೆ ಇದೆ. ವಜಾ ಆಗಿದ್ದರೂ ಹೌದು ಎಂದೇ ಬರೆಯಬೇಕು. ನಮ್ಮ ದಾವಣಗೆರೆ ಹುಡುಗ ಆ ಪ್ರತಿಯನ್ನು ಪಾಸ್‌ಪೋರ್ಟ್ ಇಡುವ ಫೈಲಿನಲ್ಲೇ ಇಟ್ಟುಕೊಂಡಿದ್ದ. ಎರಡು ವರ್ಷದ ಮೇಲೆ ಚೆನ್ನೈಗೆ ವೀಸಾ ಸ್ಟಾಂಪಿಂಗ್‌ಗೆ ಹೋದಾಗ ಕಿಟಕಿಯ ಆಚೆಯಿಂದ ಕೇಳಿದ್ದು ಅದನ್ನೇ. ತೆಗೆದು ಕೊಟ್ಟ. ಓದಿ ನೋಡಿ, ವಾಪಸ್ ಕೊಟ್ಟು, ಮುಂದಿನ ಪ್ರಶ್ನೆ ಕೇಳಿದರಂತೆ.